ನಡು ಮಧ್ಯಾಹ್ನ ತೆರೆದಿದ್ದ ಉದ್ಯಾನ

೧೯೭೭ರಲ್ಲಿ ನಾನು ಶಾಲೆ ಬಿಟ್ಟೆ. ಇಂಡಿ ತಾಲ್ಲೂಕಿನ ನಮ್ಮೂರಲ್ಲಿ ಏಳನೆಯ ಇಯತ್ತೆಯವರೆಗೆ ಮಾತ್ರ ಶಾಲೆ ಇತ್ತು. ಮುಂದಿನದಕ್ಕೆ ಬೇರೆ ಊರಿಗೆ ಹೋಗಬೇಕು. ಅಷ್ಟರಲ್ಲಿ ಪುಣೆಯಲ್ಲಿದ್ದ ಸೋದರಮಾವ ಊರಿಗೆ ಬಂದವನು, "ಮಣ್ಣಿನ್ ಕೆಲ್ಸ ಬರ್ತದೇನಲೇ?" ಎಂದು ಕೇಳಿದ. "ಬರ್ತದ" ಎಂದೆ. "ಹಂಗಾರ ನಡಿ" ಎಂದ. ನಡೆದೆ. ಕಲಿಯಲಿಲ್ಲವಲ್ಲ ಎಂದು ಯಾರಾದರೂ ಮರುಗಿದರೆ ನನಗೆ ಸಿಟ್ಟು ಬರುತ್ತದೆ. ನಾನು ನೆಟ್ಟ ಮರಗಳ ನೆರಳಿನಲ್ಲಿ ಕೂತು ಎಷ್ಟೋ ಹುಡುಗರು ಪರೀಕ್ಷೆಗೆ ಓದಿದ್ದಾರೆ. ನನಗೆ ಅಷ್ಟು ಸಾಕು.

ಮೀಸೆ ಮೂಡುವ ತನಕ ಮಾವನ ಜೊತೆ ರಸ್ತೆ ಅಗೆದೆ. ಆಮೇಲೆ ನಗರದ ಉದ್ಯಾನ ಖಾತೆಯಲ್ಲಿ ಬಿಗಾರಿಯಾಗಿ, ಎಂದರೆ ಹೊರುವ ಅಗೆಯುವ ಆಳಾಗಿ ಸೇರಿ, ತೋಟ ನೋಡುವ ಮಾಳಿಯಾಗಿ ಕೆಲಸ ಮುಗಿಸಿದೆ. ಬಡ್ತಿಯ ಕಥೆ ಇಷ್ಟೇ. ಉಳಿದದ್ದನ್ನು ಈಗ ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗರಿಗಾಗಿ ಬರೆಯುತ್ತಿದ್ದೇನೆ. ಅವರಲ್ಲಿ ನಮ್ಮ ಕಡೆಯವರು, ಕನ್ನಡ ಓದಬಲ್ಲವರು ಕೆಲವರಿದ್ದಾರೆ. ಗಿಡಕ್ಕೆ ನೀರು ಹಾಕುವುದಷ್ಟೇ ತಮ್ಮ ಕೆಲಸ ಎಂದು ಅವರು ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ.

ನನಗೆ ಕೆಲಸ ಕಲಿಸಿದವರು ಮಾರುತಿ ಮಾಮಾ ಎಂಬ ಹಿರಿಯ ಮಾಳಿ. ಅವರು ಮರಾಠಿಯಲ್ಲಿ ಆಡಿದ್ದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಮೊದಲ ಬೇಸಿಗೆಯಲ್ಲೇ ನಾನು ಚೆಂಡುಹೂವಿನ ಸಸಿಗಳ ಒಂದು ಸಾಲನ್ನು ಸುಟ್ಟೆ. ಬೆಂಕಿಯಿಂದಲ್ಲ, ನೀರಿನಿಂದ. ಮಧ್ಯಾಹ್ನದ ಹೊತ್ತು ಸಸಿಗಳು ತಲೆ ಬಾಗಿಸಿದ್ದವು. ಕನಿಕರ ಉಕ್ಕಿ, ಹುಲ್ಲಿನ ಮೇಲೆ ಬಿದ್ದಿದ್ದ ರಬ್ಬರ್ ಪೈಪು ಎತ್ತಿ ನಲ್ಲಿ ತಿರುಗಿಸಿದೆ. ಬೆಳಗಿನಿಂದ ಬಿಸಿಲಿಗೆ ಬಿದ್ದ ಪೈಪು ಅದು. ಒಳಗಿನ ನೀರು ಹಂಡೆಯ ನೀರಿನಂತಾಗಿತ್ತು. ಸಂಜೆಗೆ ಸಸಿಗಳು ಬೆಂದು ನೆಲಕ್ಕೆ ಅಂಟಿದ್ದವು.

ಮಾಮಾ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಪಲ್ಯಾ ಛಲೋ ಬೆಂದದ. ಒಗ್ಗರಣಿ ಯಾವಾಗ ಹಾಕ್ತಿ?"

ಬಯ್ದದ್ದು ಅಷ್ಟೇ. ಮರುದಿನ ಮಧ್ಯಾಹ್ನ ನನ್ನನ್ನು ಅದೇ ಪೈಪಿನ ಹತ್ತಿರ ಕರೆದೊಯ್ದು, ನನ್ನ ಅಂಗೈಯನ್ನು ಅದರ ಬಾಯಿಗೆ ಹಿಡಿದು ನಲ್ಲಿ ಬಿಟ್ಟರು. ಸುಟ್ಟಿತು. ಆಮೇಲೆ ಬಿಸಿಯಾಯಿತು. ಆಮೇಲೆ ಬೆಚ್ಚಗಾಯಿತು. ಕೊನೆಗೆ, ಎಲ್ಲೋ ನೆಲದಡಿಯಿಂದ ಹೊರಟ ತಂಪು ಬಂದು ಅಂಗೈಗೆ ಮುಟ್ಟಿತು. "ಈಗ ಹಾಕು" ಎಂದರು. "ಪೈಪಿನ ಮೊದಲ್ನೇ ನೀರು ಯಾರಿಗೂ ಅಲ್ಲ."

ಅಲ್ಲಿಂದ ನನ್ನನ್ನು ಬರಿಗಾಲಲ್ಲಿ ರಸ್ತೆಯ ಮೇಲೆ ನಿಲ್ಲಿಸಿದರು. ನಿಲ್ಲಲಾಗದೆ ಕುಣಿದೆ. ಕೈ ಹಿಡಿದೆಳೆದು ಹೊಂಗೆ ಮರದ ಕೆಳಗೆ ನಿಲ್ಲಿಸಿದರು. ನಮ್ಮ ಕಡೆ ಅದನ್ನು ಹುಲಗಲ ಅನ್ನುತ್ತೇವೆ, ಪುಣೆಯಲ್ಲಿ ಕರಂಜ. ಎಲ್ಲವೂ ಬಾಡಿ ಬೀಳುವ ಬೇಸಿಗೆಯಲ್ಲೇ ಅದು ಎಳೆ ಹಸಿರಿನ ಹೊಸ ಎಲೆ ತೊಟ್ಟು ನಿಲ್ಲುತ್ತದೆ. ರಸ್ತೆಗೂ ಅದಕ್ಕೂ ನಡುವೆ ಒಂದು ತಂತಿಬೇಲಿ ಮಾತ್ರ. ಬೇಲಿಯ ಆಚೆ ಹೆಂಚು, ಈಚೆ ತೊಯ್ದ ಹಾಸಿಗೆ. ಒಂದು ಮರ ಇಷ್ಟು ಬಿಸಿಲನ್ನು ತಿಂದು ಎಲ್ಲಿ ಇಟ್ಟುಕೊಳ್ಳುತ್ತದೆ? ಅಂದು ಹುಟ್ಟಿದ ಬೆರಗು ಇಂದಿಗೂ ಹೋಗಿಲ್ಲ.

ಆಗ ಬಿಸಿಲು ಎಷ್ಟೆಂದು ತಿಳಿಯಲು ಕಾಗೆಯ ಕೊಕ್ಕು ನೋಡುತ್ತಿದ್ದೆವು. ಕಾಗೆ ಬಾಯಿ ತೆರೆದು ಕೂತಿತೆಂದರೆ ನಾವೂ ಸಲಿಕೆ ಇಟ್ಟು ನೆರಳಿಗೆ ಹೋಗಬೇಕು. ಈಗ ಬೆಳಗಾಗುತ್ತಲೇ ಮೊಬೈಲಿಗೆ ಎಚ್ಚರಿಕೆ ಬರುತ್ತದೆ. ಆಗ ಪೈಪು ಎಳೆದೆವು, ಪೈಪು ಮುಟ್ಟದಲ್ಲಿಗೆ ಬಿಂದಿಗೆ ಹೊತ್ತೆವು, ಈಗ ಹುಲ್ಲಿಗೆ ನೀರು ತಾನೇ ತಿರುಗುತ್ತ ಚಿಮ್ಮುತ್ತದೆ. ಒಂದು ಮಾತ್ರ ಬದಲಾಗಿರಲಿಲ್ಲ: ಮಧ್ಯಾಹ್ನ ಉದ್ಯಾನದ ಗೇಟು ಮುಚ್ಚುವುದು.

ಪುಣೆಯಲ್ಲಿ ಮಧ್ಯಾಹ್ನದ ನಿದ್ದೆ ಎಂದರೆ ವ್ರತವಿದ್ದಂತೆ. ಅಂಗಡಿಯವನು ಮಲಗುತ್ತಾನೆ, ಗಿರಾಕಿಯೂ ಮಲಗುತ್ತಾನೆ. ಕೋಥರೂಡ್ ಬಡಾವಣೆಯ ನಮ್ಮ ಉದ್ಯಾನವೂ ಮಲಗುತ್ತಿತ್ತು. ಬಿಸಿಲೇರುವ ಹೊತ್ತಿಗೆ ನಾನು ಶಿಟ್ಟಿ ಊದುತ್ತ ಒಂದು ಸುತ್ತು ಬರುತ್ತಿದ್ದೆ. ಪೊದೆಯ ಹಿಂದಿನ ಜೋಡಿಗಳು ಎರಡು ದಿಕ್ಕಿಗೆ ಎದ್ದು ಹೋಗುತ್ತಿದ್ದವು. ಒಮ್ಮೆ ಜಾರುಬಂಡಿಯ ಕೆಳಗೆ ಮಲಗಿದ್ದ ಒಬ್ಬ ದಪ್ಪ ಗೃಹಸ್ಥರನ್ನು ನೋಡದೆ ಬೀಗ ಹಾಕಿ ಊಟಕ್ಕೆ ಹೋಗಿದ್ದೆ. ಬಂದಾಗ ಅವರು ಗೇಟಿನ ಸರಳು ಹಿಡಿದು ನಿಂತಿದ್ದರು. "ನನ್ನ ಹೆಂಡತಿಗೆ ಹೇಳಬೇಡ, ಆಕೆ ನಿನಗೆ ಬಹುಮಾನ ಕೊಟ್ಟುಬಿಟ್ಟಾಳು" ಎಂದರು.

ಉದ್ಯಾನಕ್ಕೆ ಅಂಟಿಕೊಂಡ ವಸತಿ ಸೊಸೈಟಿಯಲ್ಲಿ ಜೋಶಿ ಕಾಕಾ ಇದ್ದರು. ನಿವೃತ್ತ ಗಣಿತ ಮಾಸ್ತರರು. ಅವರು ದಿನಾ ವಾಕಿಂಗಿಗೆ ಬರುತ್ತಿದ್ದರು, ಮತ್ತು ಫಲಕ ಬರೆಯುತ್ತಿದ್ದರು. ಫಲಕದಲ್ಲಿ ಚುಚ್ಚುವುದು ಪುಣೆಯವರ ಹಳೆಯ ಕಲೆ. ಹೂವಿನ ಪಾತಿಯ ಮುಂದೆ ಕಾಕಾ ತೂಗುಹಾಕಿದ್ದು ಇದು: 'ಇಲ್ಲಿಂದ ಕಿತ್ತ ಹೂವನ್ನು ದೇವರು ಸ್ವೀಕರಿಸುವುದಿಲ್ಲ. ವಿಚಾರಿಸಲಾಗಿದೆ.' ಬೆಂಚಿನ ಬೆನ್ನಿಗೆ: 'ಕೂರಲು. ಮಲಗಲು ಮನೆಯಿದೆ. ಮನೆಯಲ್ಲಿ ನಿದ್ದೆ ಬಾರದವರು ಕಾರಣವನ್ನೂ ಮನೆಯಲ್ಲೇ ಹುಡುಕಬೇಕು.'

ನನ್ನ ನಿವೃತ್ತಿಗೆ ಮುಂಚಿನ ಬೇಸಿಗೆ ಬಂತು. ಅಂಥ ಬೇಸಿಗೆಯನ್ನು ನಾನು ಪುಣೆಯಲ್ಲಿ ಕಂಡಿರಲಿಲ್ಲ. ಬಾವಲಿಗಳು ಮರದಿಂದ ಉದುರಿ ಬಿದ್ದವು. ನಮ್ಮ ಮೇಲಧಿಕಾರಿ ಶಿಂದೆ ಮೇಡಂ ಎಲ್ಲ ಮಾಳಿಗಳನ್ನೂ ಕರೆದು ಹೇಳಿದರು: ಇನ್ನು ಉದ್ಯಾನಗಳು ಮಧ್ಯಾಹ್ನ ಮುಚ್ಚುವುದಿಲ್ಲ. ದಾರಿಹೋಕರಿಗೆ, ಕೂಲಿಯವರಿಗೆ ನೆರಳು ಸಿಗಬೇಕು. ಗೇಟಿನ ಬಳಿ ಮಣ್ಣಿನ ಗಡಿಗೆಗಳಲ್ಲಿ ಕುಡಿಯುವ ನೀರಿಡಬೇಕು. ಜೊತೆಗೆ ಬಂದಿದ್ದ ಆರೋಗ್ಯ ಕೇಂದ್ರದ ಸಿಸ್ಟರ್, ಬಿಸಿಲು ಬಡಿದವರನ್ನು ಹೇಗೆ ಗುರುತಿಸಬೇಕೆಂದು ಹೇಳಿಕೊಟ್ಟರು. ಮೈ ಕಾದು ಮಾತು ತಪ್ಪಿದರೆ ತಡಮಾಡಬೇಡಿ. ಮೊದಲು ಆ್ಯಂಬುಲೆನ್ಸಿಗೆ ಫೋನ್ ಮಾಡಿ. ಅದು ಬರುವ ತನಕ ನೆರಳಿಗೆ ಎಳೆದು ಮೈಯೆಲ್ಲ ತೋಯಿಸಿ, ಗಾಳಿ ಬೀಸಿ. ಎಚ್ಚರ ಸರಿಯಿಲ್ಲದವರ ಬಾಯಿಗೆ ಮಾತ್ರ ನೀರು ಸುರಿಯಬೇಡಿ.

ಗಡಿಗೆಗಳನ್ನು ನಾನೇ ಆರಿಸಿ ತಂದೆ. ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳಿ ತಂದೆ. ಕೆಳಗೆ ಮರಳು ಹಾಸಿ, ಮೇಲೆ ಒದ್ದೆ ಗೋಣಿ ಸುತ್ತಿ, ಪಕ್ಕದಲ್ಲಿ ತಂಬಿಗೆ ಇಟ್ಟೆ. ನಮ್ಮೂರಲ್ಲಿ ಅರವಟ್ಟಿಗೆ ಅನ್ನುತ್ತಿದ್ದುದನ್ನು ಇಲ್ಲಿ ಪಾಣಪೋಯಿ ಅನ್ನುತ್ತಾರೆ, ಪುಣ್ಯ ಒಂದೇ. ರಿಕ್ಷಾದವರು ಬಂದರು, ಊಟದ ಪೊಟ್ಟಣ ಹೊತ್ತು ತಿರುಗುವ ಹುಡುಗರು ಬಂದರು. ಕುಡಿದು, ತಲೆಗೆ ಸುರಿದುಕೊಂಡು, ಹೊಂಗೆಯ ಕೆಳಗೆ ಹೆಣದಂತೆ ಮಲಗಿದರು. ಜೋಶಿ ಕಾಕಾ ಮಲಗುವ ಮುಂಚೆ ತಮ್ಮ ಗ್ಯಾಲರಿಯಿಂದ, ಎಂದರೆ ಬಾಲ್ಕನಿಯಿಂದ, "ಏನಪ್ಪಾ, ಧರ್ಮಶಾಲಾ ಯಾವಾಗಿಂದ?" ಎಂದು ಕೂಗಿದರು.

ಬಾರದವರೆಂದರೆ ಹೆಂಗಸರು. ಗೇಟಿನ ಮುಂದಿನ ರಸ್ತೆಯಲ್ಲೇ ಕೇಬಲ್ ಹಾಕಲು ಕಾಲುವೆ ತೋಡುವ ಕೆಲಸ ನಡೆದಿತ್ತು. ಯಾದಗಿರಿ ಕಡೆಯ ಹೆಂಗಸರ ಗುಂಪೊಂದು ಮಣ್ಣು ಹೊರುತ್ತಿತ್ತು. ಅವರ ಗಂಡಸರು ಬಂದು ಗಟಗಟ ಕುಡಿದು ಹೋಗುತ್ತಿದ್ದರು. ಹೆಂಗಸರು ಗಡಿಗೆಯ ಕಡೆ ನೋಡುತ್ತಿದ್ದರು, ಬರುತ್ತಿರಲಿಲ್ಲ. ನನ್ನ ಗಡಿಗೆಯ ನೀರನ್ನು ಯಾರಾದರೂ ಬೇಡವೆಂದರೆ ನನಗೆ ಆಗುವುದಿಲ್ಲ. ಒಂದು ದಿನ ಕೂಗಿಯೇಬಿಟ್ಟೆ. "ಯಾಕವಾ, ನೀರಾಗ ಏನರ ಹುಳಾ ಬಿದ್ದದೇನು?"

ಕನ್ನಡ ಕೇಳಿ ಬುಟ್ಟಿ ಕೆಳಗಿಟ್ಟಳು ಒಬ್ಬಳು. ಶಾಂತವ್ವ ಎಂದು ಹೆಸರು, ಎಳೆ ಪ್ರಾಯದವಳು. "ಯವ್ವಾ! ನೀವು ನಮ್ ಕಡಿಯಾವ್ರೇನ್ರಿ ಕಾಕಾ?"

"ಕಡಿ ಆಮ್ಯಾಲ ಕೇಳುವಂತಿ. ಮೊದಲ ನೀರ್ ಕುಡಿ."

ತಂಬಿಗೆ ತೆಗೆದುಕೊಂಡಳು. ಬಾಯಿ ಮುಕ್ಕಳಿಸಿ ಉಗುಳಿದಳು. ಸೆರಗಿನ ತುದಿ ತೋಯಿಸಿ ಕತ್ತಿಗೆ ಒತ್ತಿಕೊಂಡಳು. ಉಳಿದ ನೀರನ್ನು ಹೊಂಗೆಯ ಬುಡಕ್ಕೆ ಚೆಲ್ಲಿ, "ಸಾಕ್ರಿ, ತಣ್ಣಗಾತು" ಎಂದು ಹೊರಟೇಬಿಟ್ಟಳು. ಅವಳ ಹಿಂದಿದ್ದ ಹಿರಿಯಳು ಮಲ್ಲವ್ವ ನನ್ನನ್ನು ಒಮ್ಮೆ ನೋಡಿ, ತನ್ನ ಬುಟ್ಟಿ ಎತ್ತಿಕೊಂಡಳು.

ಮರುದಿನ ಊಟದ ಹೊತ್ತು ಮೀರಿದ ಮೇಲೆ ಹೊರಗೆ ಗದ್ದಲ ಕೇಳಿತು. ಶಾಂತವ್ವ ಮಣ್ಣಿನ ಗುಡ್ಡೆಯ ಮೇಲೆ ಕೂತು ಯಾರಿಗೋ ಬೈಯುತ್ತಿದ್ದಳು. ಅವಳ ಎದುರಿಗೆ ಯಾರೂ ಇರಲಿಲ್ಲ. ನನ್ನನ್ನು ಕಂಡು, "ಎಮ್ಮಿ ಯಾಕ್ ಬಿಟ್ಟಿ? ಎಮ್ಮಿ ಕಟ್ಟು" ಎಂದಳು. ಮುಟ್ಟಿದೆ. ಅವಳ ತೋಳು ನಮ್ಮ ಗೇಟಿನ ಕಬ್ಬಿಣದಂತೆ ಕಾದಿತ್ತು. ಬೆವರಿನ ಒಂದು ಹನಿಯೂ ಇರಲಿಲ್ಲ. ಎತ್ತುವಷ್ಟರಲ್ಲಿ ಕಣ್ಣು ಮೇಲಕ್ಕೆ ತಿರುಗಿದವು.

ಅವರ ಮೇಸ್ತ್ರಿ ಆ್ಯಂಬುಲೆನ್ಸಿಗೆ ಫೋನ್ ಮಾಡುತ್ತಿದ್ದ. ನಾವು ನಾಲ್ಕು ಜನ ಅವಳನ್ನು ಹೊತ್ತು ಹೊಂಗೆಯ ಕೆಳಗೆ ಮಲಗಿಸಿದೆವು. ಒಬ್ಬ ತಂಬಿಗೆ ತಂದು ಬಾಯಿಗೆ ಹಿಡಿಯಹೋದ, ಕಸಿದು ಅವಳ ತಲೆಗೆ ಸುರಿದೆ. ತಂಬಿಗೆಯ ನೀರಿಗೆ ಆರುವ ಕಾವಲ್ಲ ಅದು. ಪೈಪಿಗೆ ಓಡಿದೆ. ನಲ್ಲಿ ಬಿಟ್ಟೆ. ಪೈಪಿನ ಬಾಯಿಯನ್ನು ಹುಲ್ಲಿನ ಕಡೆ ಹಿಡಿದು ನಿಂತೆ.

"ಹಾಕ್ರಿ ಕಾಕಾ! ಯಾಕ್ ನಿಂತೀರಿ!" ಎಂದು ಮಲ್ಲವ್ವ ಚೀರಿದಳು. "ಹುಡುಗಿ ಸಾಯ್ಲಿಕತ್ತಾಳ!"

ಅಂಗೈ ಪೈಪಿನ ಬಾಯಲ್ಲಿತ್ತು. ಸುಡುತ್ತಿತ್ತು. ಅಷ್ಟು ಉದ್ದದ ಗಳಿಗೆಯನ್ನು ನಾನು ಬದುಕಿನಲ್ಲಿ ಕಂಡಿಲ್ಲ. ಮಾರುತಿ ಮಾಮಾ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಆದರೂ ಅವರ ಒರಟು ಕೈ ನನ್ನ ಕೈಯನ್ನು ಹಿಡಿದಂತಿತ್ತು. ಬಿಸಿ. ಬೆಚ್ಚಗೆ. ನೆಲದಡಿಯ ತಂಪು ಬಂತು. ತಲೆಯಿಂದ ಕಾಲಿನ ತನಕ ತೋಯಿಸಿದೆ.

"ಕಂಕುಳಕ್ಕ, ಕತ್ತಿಗಿ ಒದ್ದಿ ಬಟ್ಟಿ ಇಡ್ರಿ" ಎಂದು ಕೂಗಿದೆ. ಬಟ್ಟೆ ಎಲ್ಲಿಂದ ಬರಬೇಕು? ಆಗ ಗೇಟಿನಿಂದ ಜೋಶಿ ಕಾಕಾ ಬಂದರು. ಬರೀ ಬನಿಯನ್ನಿನಲ್ಲಿ, ಕೂದಲು ಕೆದರಿಕೊಂಡು, ಚಪ್ಪಲಿಯಿಲ್ಲದೆ ಬಂದರು. ಮಧ್ಯಾಹ್ನದ ನಿದ್ದೆಯಿಂದ ಜೋಶಿ ಕಾಕಾ ಎದ್ದು ಬಂದಿದ್ದನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ. ಒಂದು ಕೈಯಲ್ಲಿ ಫ್ರಿಜ್ಜಿನ ಬರ್ಫದ ತಟ್ಟೆಗಳು, ಇನ್ನೊಂದರಲ್ಲಿ ಹಾಸಿಗೆಯ ಚಾದರ, ಅದಾಗಲೇ ತೊಯ್ದದ್ದು. ಮಾತಿಲ್ಲದೆ ಅವಳ ಮೇಲೆ ಹೊದಿಸಿ, ತಾವು ಬರೆದ ಹೂವಿನ ಫಲಕವನ್ನೇ ಕಿತ್ತು ಅದರಿಂದ ಗಾಳಿ ಬೀಸತೊಡಗಿದರು.

ಆ್ಯಂಬುಲೆನ್ಸ್ ಬಂದಾಗ ಶಾಂತವ್ವ ನರಳುತ್ತಿದ್ದಳು. ನರಳುವುದನ್ನು ಕೇಳಿ ಅಷ್ಟು ಸಂತೋಷವಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಅದರ ಡಾಕ್ಟರ್ ಹುಡುಗಿ ಪರೀಕ್ಷಿಸಿ, "ಇವರು ಬೆಳಗಿನಿಂದ ನೀರು ಕುಡಿದೇ ಇಲ್ಲ ಅನ್ನಿಸುತ್ತದೆ" ಎಂದಳು. ಗಾಡಿ ಹೋಯಿತು.

ನನಗೆ ಸಿಟ್ಟು ಉಕ್ಕಿತು. ಕಾಲುವೆಯ ಅಂಚಿನಲ್ಲಿ ನಿಂತಿದ್ದ ಮಲ್ಲವ್ವನ ಕಡೆ ತಿರುಗಿದೆ. "ಎದುರಿಗೇ ಗಡಿಗಿ ಇಟ್ಟೀನಿ. ನೀರ್ ಕುಡೀಲಿಕ್ಕೆ ನಿಮಗೇನ್ ಧಾಡಿ?"

ಮಲ್ಲವ್ವ ಸೆರಗು ಹಿಂಡುತ್ತಿದ್ದಳು. ಹಿಂಡುವುದನ್ನು ನಿಲ್ಲಿಸಲಿಲ್ಲ. "ಕುಡದ್ ಮ್ಯಾಲ ಎಲ್ಲಿ ಹೋಗೂಣ್ರಿ?" ಎಂದಳು.

ನನಗೆ ಅರ್ಥವಾಗಲಿಲ್ಲ.

"ಗಂಡಸ್ರು ಗ್ವಾಡಿ ನೋಡಿ ನಿಲ್ತಾರ. ನಾವ್ ಎಲ್ಲಿ ಕೂಡೂಣು? ಸುತ್ತ ಎಲ್ಲಾ ಗ್ಯಾಲರಿ. ಹೊತ್ ಮೂಡೂಕಿಂತ ಮದ್ಲ ಹೋಗಿ ಬರ್ತೀವಿ, ಮತ್ತ ಹೊತ್ ಮುಣಗಿದ ಮ್ಯಾಲೆ. ನಡುವ ನೀರು ಬಾಯಿಗಿ ಅಷ್ಟ, ಹೊಟ್ಟಿಗಿಲ್ರಿ."

"ಒಳಗ ಸಂಡಾಸ್ ಅದಲ್ಲ!"

"ಕೀಲಿ ಅದ."

"ಕೀಲಿಕೈ ನನ್ ಹತ್ರ ಅದಲ್ಲ! ಕೇಳಿದ್ರ ಕೊಡ್ತಿದ್ದೆ."

ಆಗ ಅವಳು ನನ್ನನ್ನು ನೋಡಿದಳು. "ಗೊತ್ತಿಲ್ದ ಗಂಡಸಿನ ಮುಂದ ಕೈ ಒಡ್ಡಿ, ನನಗ ಅದಕ್ಕ ಹೋಗಬೇಕಾಗ್ಯದ ಅಂತ ಕೇಳೂದ್ರೀ? ನಿಮ್ ಮನಿ ಹೆಣ್ಮಕ್ಕಳು ಕೇಳ್ತಾರೇನ್ರಿ ಕಾಕಾ?"

ಹೆಂಗಸರ ಶೌಚಾಲಯದ ನಲ್ಲಿ ಒಮ್ಮೆ ಕಳುವಾದ ಮೇಲೆ ಬೀಗ ಬಿದ್ದಿತ್ತು. ಕೇಳಿದವರಿಗೆ ಕೀಲಿಕೈ ಕೊಡುವುದು ಪದ್ಧತಿ. ಯಾರೂ ಕೇಳುತ್ತಿರಲಿಲ್ಲ, ಆದ್ದರಿಂದ ಯಾರಿಗೂ ಬೇಕಿಲ್ಲ ಎಂದು ನಾವು ತಿಳಿದಿದ್ದೆವು. ಗಿಡ ನೀರು ಎಳೆಯದಿದ್ದರೆ ಬೇರಿನ ಬಳಿ ಏನೋ ತಡೆಯಿದೆ ಎಂದು ಎಂಥ ಮಾಳಿಗೂ ಹೊಳೆಯುತ್ತದೆ. ಇಲ್ಲಿ ಹೊಳೆಯಲಿಲ್ಲ. ಆ ಹೆಂಗಸರು ಅಂಥ ಬಿಸಿಲಲ್ಲಿ, ಕಣ್ಣೆದುರು ತಣ್ಣೀರಿಟ್ಟುಕೊಂಡು, ದಿನವಿಡೀ ದಾಹವನ್ನು ಅದುಮಿ ಹಿಡಿದು ಮಣ್ಣು ಹೊತ್ತಿದ್ದರು. ದೊಡ್ಡ ಋಷಿಗಳ ಕಥೆ ಕೇಳಿದ್ದೇನೆ. ಇಂಥ ತಪಸ್ಸು ಕೇಳಿಲ್ಲ. ನಾನು ಆ ಕಾಲುವೆಯ ಅಂಚಿನಲ್ಲಿ ಬಾಯಿ ತೆರೆದ ಕಾಗೆಯಂತೆ ನಿಂತುಬಿಟ್ಟೆ.

ಬೀಗ ತೆಗೆದು ಜೇಬಿಗೆ ಹಾಕಿದೆ. ಒಳಗೆಲ್ಲ ತೊಳೆದೆ, ಬಕೆಟ್ಟು ತುಂಬಿಟ್ಟೆ. ಸಂಜೆ ಶಿಂದೆ ಮೇಡಂ ಬಂದರು. "ಬೀಗ ಎಲ್ಲಿ?" ಎಂದರು. ಮಲ್ಲವ್ವ ಹೇಳಿದ್ದನ್ನು ಹೇಳಿದೆ. ಮೇಡಂ ಹೋಗಿ ಒಳಗೆಲ್ಲ ನೋಡಿ ಬಂದರು. ಆಮೇಲೆ, "ನಾನು ಹೊಸದಾಗಿ ಸೈಟಿನ ಕೆಲಸಕ್ಕೆ ಬಂದಾಗ ನಾನೂ ಕುಡಿಯುತ್ತಿರಲಿಲ್ಲ" ಎಂದರು. "ಮರೆತೇ ಹೋಗಿತ್ತು ನೋಡಿ. ಬೀಗ ನಿಮ್ಮ ಹತ್ತಿರವೇ ಇರಲಿ." ಅಲ್ಲಿಂದಲೇ ಕಂತ್ರಾಟುದಾರನಿಗೆ ಫೋನ್ ಮಾಡಿ, ಹೊತ್ತು ನೆತ್ತಿಗೇರಿದಾಗ ಕೆಲಸ ನಿಲ್ಲಬೇಕು, ಹೆಂಗಸರು ಉದ್ಯಾನದಲ್ಲಿ ಕೂರಬೇಕು ಎಂದು ಮಾಡಿಸಿದರು.

ಮರುದಿನ ಹೆಂಗಸರು ಒಳಗೆ ಬಂದು ಹೊಂಗೆಯ ಕೆಳಗೆ ಕೂತರು. ಬಾಗಿಲು ತೆರೆದಿತ್ತು. ನಾನು ಕುರ್ಚಿ ತಂದು ಶೌಚಾಲಯದ ಬಾಗಿಲ ಬಳಿಯೇ ಹಾಕಿಕೊಂಡು, ಯಾವ ಗಂಡಸೂ ಆ ಕಡೆ ಸುಳಿಯದಂತೆ ಕಾವಲು ಕೂತೆ. ಕೂತೇ ಇದ್ದೆ. ಯಾರೂ ಬರಲಿಲ್ಲ. ಗಡಿಗೆಯೂ ತುಂಬಿದಂತೆಯೇ ಇತ್ತು. ಇನ್ನೊಬ್ಬಳು ಬಿದ್ದರೆ ಎಂದು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕೂತೆ.

ಕೊನೆಗೆ ಮಲ್ಲವ್ವನೇ ಎದ್ದು ಬಂದಳು. "ಕಾಕಾ, ಒಂದ್ ಮಾತ್ ಹೇಳ್ಲ್ಯಾ?"

"ಹೇಳವಾ."

"ಭಾಳ ಛಲೋ ಕೀಲಿ ಇದ್ದೀರಿ ನೀವು. ಹಳೀದಕ್ಕಿಂತ ಗಟ್ಟಿ."

ಹೊಂಗೆಯ ಕೆಳಗೆ ಎಲ್ಲರೂ ಸೆರಗು ಬಾಯಿಗಿಟ್ಟು ನಕ್ಕರು. ಕುರ್ಚಿ ಎತ್ತಿಕೊಂಡು ಗೇಟಿನ ಬಳಿ ಹೋಗಿ, ಆ ಕಡೆಗೆ ಬೆನ್ನು ಹಾಕಿ ಕೂತೆ. ಹಿಂದಿನಿಂದ ತಂಬಿಗೆಯ ಸದ್ದು ಬಂತು. ಮತ್ತೊಮ್ಮೆ ಬಂತು. ಆಮೇಲೆ ನಿಲ್ಲಲೇ ಇಲ್ಲ. ಗಡಿಗೆಗಳನ್ನು ಸಂಜೆಯೊಳಗೆ ಮತ್ತೆ ತುಂಬಬೇಕಾಯಿತು. ಬೋರಿನಲ್ಲಿ ನೀರು ಬಿದ್ದಾಗ ರೈತ ಹೇಗೆ ನಿಲ್ಲುತ್ತಾನೋ ಹಾಗೆ ಖಾಲಿ ಗಡಿಗೆಯ ಮುಂದೆ ನಿಂತಿದ್ದೆ.

ಜೋಶಿ ಕಾಕಾ ಹೊಸ ಫಲಕ ತಂದರು: 'ಹೆಂಗಸರಿಗೆ. ಬೀಗವಿಲ್ಲ. ಯಾರನ್ನೂ ಕೇಳಬೇಕಿಲ್ಲ. ಕೇಳಿದರೆ ಉತ್ತರ ಕೊಡಲಾಗುವುದಿಲ್ಲ.'

"ಕಾಕಾ, ಅವರಿಗೆ ಮರಾಠಿ ಬರೋದಿಲ್ಲ" ಎಂದೆ.

"ನಿನಗೆ ನಿಮ್ಮ ಭಾಷೆ ಬರೆಯಲು ಬರುತ್ತದೆಯೋ?"

"ಏಳನೇ ಇಯತ್ತೆ ಪಾಸ್."

"ಹಾಗಾದರೆ ಮತ್ತೇನು?" ಎಂದು ಕುಂಚ ಕೊಟ್ಟರು. ಮರಾಠಿಯ ಕೆಳಗೆ ದುಂಡಗೆ ಬರೆದೆ. ಕಾಕಾ ಕನ್ನಡಕ ಏರಿಸಿ ನೋಡಿ, "ಸಾಲು ಡೊಂಕಾಗಿದೆ, ಅಕ್ಷರ ಮುತ್ತು" ಎಂದರು. ಜೋಶಿ ಕಾಕಾ ಯಾರನ್ನಾದರೂ ಅರ್ಧವಾದರೂ ಹೊಗಳಿದ್ದು ಅದೊಂದೇ ಸಲ.

ವಾರ ಕಳೆದ ಮೇಲೆ ಶಾಂತವ್ವ ಆಸ್ಪತ್ರೆಯಿಂದ ಬಂದಳು. ಬುಟ್ಟಿ ಹೊರುವಷ್ಟು ಶಕ್ತಿ ಇನ್ನೂ ಬಂದಿರಲಿಲ್ಲ, ಊರಿಗೆ ಹೊರಡುವವಳು ಗೆಳತಿಯರನ್ನು ನೋಡಲು ಬಂದಿದ್ದಳು. ಫಲಕದ ಮುಂದೆ ನಿಂತು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. ಗಡಿಗೆಯ ಬಳಿ ಬಂದಳು. ತಂಬಿಗೆ ತುಂಬಿ, ತಲೆ ಹಿಂದಕ್ಕೆ ಬಾಗಿಸಿ, ಎತ್ತಿ ಹಿಡಿದು ಕುಡಿದಳು. ಗಂಟಲು ಏರಿ ಇಳಿಯುವುದು ಕಾಣುತ್ತಿತ್ತು. ನಿಲ್ಲಿಸಲಿಲ್ಲ. ಖಾಲಿ ತಂಬಿಗೆ ಬೋರಲು ಹಾಕಿ, "ನೀರು ಭಾಳ ಸಿಹಿ ಅದ್ರಿ ಕಾಕಾ" ಎಂದಳು. ಹೊಂಗೆಯ ಬುಡಕ್ಕೆ ಒಂದು ಹನಿಯೂ ಉಳಿದಿರಲಿಲ್ಲ.

ಆ ಬೇಸಿಗೆ ಮುಗಿಯುವ ತನಕ ಕಾಲುವೆಯ ಹೆಂಗಸರಲ್ಲಿ ಮತ್ತೆ ಯಾರೂ ಬೀಳಲಿಲ್ಲ. ಹೊಸದಾಗಿ ಬರುವ ಹುಡುಗರೇ, ನೀವು ಗಡಿಗೆ ಇಡುವಿರಿ, ಇಡಿ. ಇಟ್ಟ ಮೇಲೆ ಯಾರು ಕುಡಿಯುತ್ತಿಲ್ಲ ಎಂದು ನೋಡಿ. ಅವರನ್ನು ಬೈಯುವ ಮುಂಚೆ ನಿಮ್ಮ ಕುರ್ಚಿ ಎಲ್ಲಿದೆ ನೋಡಿಕೊಳ್ಳಿ. ಪೈಪಿನ ಮೊದಲ ನೀರನ್ನು ನೆಲಕ್ಕೆ ಬಿಡಿ.

ನಿವೃತ್ತನಾದ ದಿನ ಸಾಮಾನೆಲ್ಲ ಒಪ್ಪಿಸಿ, ಕೊನೆಗೆ ಬೀಗವನ್ನೂ ಮೇಡಂ ಮೇಜಿನ ಮೇಲಿಟ್ಟೆ. ಅವರು ಅದನ್ನು ನನ್ನ ಕಡೆಗೇ ತಳ್ಳಿದರು. "ಇಲ್ಲಿದ್ದರೆ ಮುಂದೆ ಬಂದವರು ಯಾರಾದರೂ ಹಾಕಿಬಿಡುತ್ತಾರೆ. ಒಯ್ಯಿರಿ."

ಈಗ ನನಗಿರುವುದು ಎರಡು ಕೋಣೆ, ಒಬ್ಬ ಹೆಂಡತಿ, ಒಂದು ಸೈಕಲ್ಲು, ಬಾಗಿಲಲ್ಲಿ ಆರು ಕುಂಡ, ಊದದ ಒಂದು ಶಿಟ್ಟಿ, ಹಾಕದ ಒಂದು ಬೀಗ.